ಆಫ್ರಿಕಾದಲ್ಲಿ ಎಂಥ ಆರ್ಥಿಕ ಇತಿಹಾಸ ಅಂತ ಕೇಳುವವರಿಗೆ

ನಾನು ಆಫ್ರಿಕಾದ ಆರ್ಥಿಕ ಇತಿಹಾಸ ಓದುತ್ತೇನೆ, ಕಲಿಸುತ್ತೇನೆ. ಅಲ್ಲಿನ ಕೃಷಿ ನೀತಿಗಳ ಬಗ್ಗೆ ಬರೆಯುತ್ತೇನೆ. ಹದಿನೈದು ವರ್ಷ ಆಯ್ತು. ಮದುವೆ, ಉಪನಯನ, ಗೃಹಪ್ರವೇಶ, ಎಲ್ಲಿ ಹೋದರೂ ಒಂದೇ ಪ್ರಶ್ನೆ. "ಆಫ್ರಿಕಾನಾ? ಅದ್ಯಾಕೆ? ಅಲ್ಲಿ ಇತಿಹಾಸ ಬರೆಯುವಂಥ ಎಕಾನಮಿ ಎಲ್ಲಿತ್ತು?" ಮೊದಮೊದಲು ನಗುತ್ತಾ ಉತ್ತರ ಹೇಳುತ್ತಿದ್ದೆ. ಈಗ ಆಗಲ್ಲ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆಫ್ರಿಕಾ ಅಂದರೆ 54 ದೇಶ. ನನ್ನ ಕೆಲಸ ಜಾಸ್ತಿ ಘಾನಾದ ಮೇಲೆ. 1957ರವರೆಗೆ ಬ್ರಿಟಿಷರ ಕೈಲಿದ್ದಾಗ ಅದರ ಹೆಸರು ಗೋಲ್ಡ್ ಕೋಸ್ಟ್.

ಕೆಲವರು ಫೋನ್ ತೆಗೆದು ತಲಾ ಆದಾಯ ತೋರಿಸುತ್ತಾರೆ. ಆ ಸಂಖ್ಯೆಯ ಕಥೆಯನ್ನೂ ಕೇಳಿ. 2010ರ ನವೆಂಬರ್‌ನಲ್ಲಿ ಘಾನಾ ತನ್ನ ಜಿಡಿಪಿ ಲೆಕ್ಕದ ಆಧಾರ ವರ್ಷವನ್ನು, ಅಂದರೆ ಲೆಕ್ಕಕ್ಕೆ ಅಳತೆಗೋಲಾಗಿ ಹಿಡಿದ ವರ್ಷವನ್ನು, 1993ರಿಂದ 2006ಕ್ಕೆ ತಂದಿತು. ಜಿಡಿಪಿ ಒಂದೇ ಸಲ ಸುಮಾರು 60 ಶೇಕಡಾ ಮೇಲೇರಿತು. ಯಾರ ಮನೆಗೂ ಆವತ್ತು ಹೊಸದಾಗಿ ದುಡ್ಡು ಬರಲಿಲ್ಲ. ಮೊದಲೇ ಇದ್ದ ದುಡಿಮೆಯನ್ನು ಹಳೆಯ ಲೆಕ್ಕ ಹಿಡಿದಿರಲಿಲ್ಲ, ಅಷ್ಟೇ. 2014ರಲ್ಲಿ ನೈಜೀರಿಯಾ ಹೀಗೇ ಮಾಡಿದಾಗ ಏರಿಕೆ 89 ಶೇಕಡಾ. ಆ ಹಳೆಯ ಸಂಖ್ಯೆಗಳನ್ನು ನಂಬಿಯೇ ಎಷ್ಟೋ ವರ್ಷ ಯೋಜನೆ ಮಾಡಿದ್ದರು, ಸಾಲ ಕೊಟ್ಟಿದ್ದರು, ಬುದ್ಧಿ ಹೇಳಿದ್ದರು.

ಹೋದ ವರ್ಷ ಪುತ್ತೂರಿನ ಹತ್ತಿರ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಚಿಕ್ಕಪ್ಪನ ಸ್ನೇಹಿತರು, ಅಡಿಕೆ ಬೆಳೆಗಾರರು. ನನ್ನ ಕೆಲಸ ಕೇಳಿ ತಿಳಿದುಕೊಂಡರು. ಪಾಯಸ ಬರುವ ಹೊತ್ತಿಗೆ ಅದೇ ಮಾತು: "ಅಲ್ಲ ಮೇಡಂ, ಅಲ್ಲಿ ಎಂಥ ಆರ್ಥಿಕ ಇತಿಹಾಸ? ಬಡತನವೇ ಅಲ್ವಾ ಇರುವುದು?"

ಸಿಟ್ಟು ಬಂತು. "ನಿಮ್ಮ ಅಡಿಕೆ ತೋಟದ ನಡುವೆ ಕೊಕ್ಕೋ ಇದೆಯಾ?" ಅಂತ ಕೇಳಿದೆ.

"ಉಂಟು. ಮುನ್ನೂರು ಗಿಡ."

"ಹಾಗಾದರೆ ಕೇಳಿ" ಅಂದೆ.

1891ರಲ್ಲಿ ಗೋಲ್ಡ್ ಕೋಸ್ಟ್‌ನಿಂದ ಹೊರಗೆ ಹೋದ ಕೊಕ್ಕೋ 80 ಪೌಂಡ್ ತೂಕ. ಒಂದು ಮೂಟೆ ಅನ್ನಿ. 1911ಕ್ಕೆ ಸುಮಾರು 40 ಸಾವಿರ ಟನ್, ಇಡೀ ಜಗತ್ತಿನಲ್ಲಿ ಮೊದಲ ಸ್ಥಾನ. ಇಪ್ಪತ್ತೇ ವರ್ಷ! ಯುರೋಪಿನವರ ಎಸ್ಟೇಟುಗಳು ಮಾಡಿದ್ದಲ್ಲ ಇದು. ಬ್ಯಾಂಕ್ ಸಾಲ ಇರಲಿಲ್ಲ, ಸರ್ಕಾರದ ಸ್ಕೀಮ್ ಇರಲಿಲ್ಲ. ಮಾಡಿದವರು ಊರಿನ ರೈತರು.

ಘಾನಾದ ರಾಜಧಾನಿ ಅಕ್ರಾದ ಉತ್ತರಕ್ಕೆ ಅಕ್ವಾಪಿಮ್ ಅಂತ ಬೆಟ್ಟದ ಸಾಲಿದೆ. ಅಲ್ಲಿನವರು ತಾಳೆ ಎಣ್ಣೆ, ರಬ್ಬರ್ ಮಾರಿ ನಾಲ್ಕು ಕಾಸು ಕಂಡವರು. ಎಣ್ಣೆಯ ಬೆಲೆ ಬಿತ್ತು. ಬೆಟ್ಟ ಇಳಿದು ಪಕ್ಕದ ಸೀಮೆಯ ಕಾಡು ಜಾಗ ಕೊಳ್ಳಲು ಹೊರಟರು. ಹತ್ತಿಪ್ಪತ್ತು ಜನ ಸೇರಿ ಒಂದು ಗುಂಪು. ಅದಕ್ಕೆ ಅವರೇ ಇಟ್ಟುಕೊಂಡ ಹೆಸರು 'ಕಂಪನಿ'. ಮುಂದಾಳು ಒಬ್ಬ ಅಲ್ಲಿನ ಒಡೆಯನ ಜೊತೆ ಬೆಲೆ ಮಾತಾಡುತ್ತಿದ್ದ. ಕಂತಿನಲ್ಲಿ ದುಡ್ಡು. ಹಾಕಿದ ದುಡ್ಡಿಗೆ ತಕ್ಕ ಅಗಲದ ಪಟ್ಟಿ ಒಬ್ಬೊಬ್ಬರಿಗೆ. ಗಿಡ ಫಲ ಕೊಡಲು ನಾಲ್ಕೈದು ವರ್ಷ ಕಾಯಬೇಕು. ಫಲ ಬಂದ ಮೇಲೆ ಆ ಲಾಭದಲ್ಲಿ ಇನ್ನೂ ಪಶ್ಚಿಮಕ್ಕೆ ಇನ್ನೊಂದು ಜಾಗ. ಕೊಕ್ಕೋ ಸಾಗಿಸಲು ಸೇತುವೆಗೂ ತಾವೇ ದುಡ್ಡು ಹಾಕಿದರು. ಆಮೇಲೆ ತೋಟದ ಕೆಲಸಕ್ಕೆ ಬೇರೆ ಕಡೆಯಿಂದ ಜನ ಬಂದರು. ಫಸಲಿನ ಮೂರರಲ್ಲಿ ಒಂದು ಪಾಲು ಅವರಿಗೆ. 'ಅಬುಸಾ' ಅನ್ನುತ್ತಾರೆ. ಅದರಲ್ಲಿ ಜಗಳಗಳೂ ಇದ್ದವು. ಜಾಗದ ಗಡಿಗೆ ವರ್ಷಗಟ್ಟಲೆ ಕೋರ್ಟು ಹತ್ತಿದವರೂ ಇದ್ದರು. ನಮ್ಮಲ್ಲಿ ಇಲ್ವಾ?

ಇದೆಲ್ಲ ಬ್ರಿಟಿಷ್ ಅಧಿಕಾರಿಗಳ ಕಣ್ಣ ಮುಂದೆಯೇ ನಡೆದದ್ದು. ಅವರಿಗೆ ಕಂಡದ್ದು ಮಾತ್ರ ಮನೆ ಹಿಂದೆ ನಾಲ್ಕು ಗಿಡ ನೆಟ್ಟುಕೊಂಡ ಸಣ್ಣ ರೈತ. 1963ರಲ್ಲಿ ಪಾಲಿ ಹಿಲ್ ಅನ್ನುವ ಸಂಶೋಧಕಿ ಹಳೆಯ ಜಮೀನಿನ ನಕ್ಷೆ ಹಿಡಿದು, ತೋಟ ತೋಟ ಸುತ್ತಿ ಬರೆದ ಮೇಲೆ ಈ ಚಿತ್ರ ಬದಲಾಯ್ತು. ಅದೇ ಪಾಲಿ ಹಿಲ್ ಆಮೇಲೆ ನಮ್ಮ ಆನೇಕಲ್ ತಾಲ್ಲೂಕಿಗೂ ಬಂದರು. ನೈಜೀರಿಯಾದ ಹೌಸಾ ಹಳ್ಳಿಗಳನ್ನೂ ಆನೇಕಲ್ಲಿನ ರಾಗಿ ಬೆಳೆಯುವ ಹಳ್ಳಿಗಳನ್ನೂ ಪಕ್ಕಪಕ್ಕ ಇಟ್ಟು 1982ರಲ್ಲಿ ಪುಸ್ತಕ ತಂದರು. ಎರಡೂ ಕಡೆ ಒಂದೇ ಹಳ್ಳಿಯೊಳಗೆ ಉಳ್ಳವರು, ಇಲ್ಲದವರು. 'ರೈತರು' ಅಂತ ಎಲ್ಲರನ್ನೂ ಒಂದೇ ಮುದ್ದೆ ಮಾಡಬೇಡಿ ಅನ್ನುವುದು ಅವರ ವಾದ. "ಆಫ್ರಿಕಾ ಯಾಕೆ" ಅನ್ನುವವರಿಗೆ ಇದೂ ಒಂದು ಉತ್ತರ. ಅಲ್ಲಿ ಕಲಿತ ಕಣ್ಣಿನಿಂದ ಇಲ್ಲಿನ ಹಳ್ಳಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಆ ತೋಟಗಳ ಸಂಪತ್ತು ಎಲ್ಲಿ ಹೋಯಿತು? ಇದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತೇನೆ. 1937ರಲ್ಲಿ ಯುರೋಪಿನ ಕಂಪನಿಗಳು ಕೊಳ್ಳುವ ಬೆಲೆಯ ಬಗ್ಗೆ ತಮ್ಮೊಳಗೇ ಒಪ್ಪಂದ ಮಾಡಿಕೊಂಡವು. ರೈತರು ಕೊಕ್ಕೋ ಮಾರುವುದನ್ನೇ ನಿಲ್ಲಿಸಿಬಿಟ್ಟರು. ಮರುವರ್ಷದ ಏಪ್ರಿಲ್‌ವರೆಗೆ ಮಾರಲಿಲ್ಲ. ಆ ಕಂಪನಿಗಳ ಸಾಮಾನನ್ನೂ ಕೊಳ್ಳಲಿಲ್ಲ. ಲಂಡನ್ನಿನಿಂದ ವಿಚಾರಣಾ ಆಯೋಗ ಬರಬೇಕಾಯ್ತು. 1947ರಲ್ಲಿ ಕೊಕ್ಕೋ ಮಾರುಕಟ್ಟೆ ಮಂಡಳಿ ಬಂತು. ರೈತನಿಗೆ ಸ್ಥಿರ ಬೆಲೆ ಕೊಡಲು ಅಂದರು. ಮಂಡಳಿ ಲೋಕದ ಬೆಲೆಗೆ ಮಾರಿ, ರೈತನಿಗೆ ಕಡಿಮೆ ಕೊಟ್ಟು, ಉಳಿದದ್ದನ್ನು ತಾನಿಟ್ಟುಕೊಂಡಿತು. ಸ್ವಾತಂತ್ರ್ಯ ಬಂದ ಮೇಲೂ ಆ ಪದ್ಧತಿ ಹೋಗಲಿಲ್ಲ. ಸರ್ಕಾರಕ್ಕೆ ದುಡ್ಡಿನ ಹಸಿವು ಇತ್ತು, ಕೊಕ್ಕೋ ಕೈಗೆ ಸಿಕ್ಕಿತ್ತು. 1964-65ರಲ್ಲಿ 5 ಲಕ್ಷ ಟನ್ ದಾಟಿದ್ದ ಬೆಳೆ 1983-84ಕ್ಕೆ ಸುಮಾರು 1.6 ಲಕ್ಷ ಟನ್. ಆ ಹೊತ್ತಿಗೆ ಬರ, ಕಾಡ್ಗಿಚ್ಚು ಎರಡೂ ಬಂದಿದ್ದವು, ನಿಜ. ಆದರೆ ಸಿಗುವ ಬೆಲೆಗೆ ಹೊಸ ಗಿಡ ನೆಡಲು ಯಾರಿಗೂ ಮನಸ್ಸಿರಲಿಲ್ಲ. ಕೊಕ್ಕೋ ಮೂಟೆಗಳು ಕದ್ದುಮುಚ್ಚಿ ಗಡಿ ದಾಟುತ್ತಿದ್ದವು.

ದುಡಿಯಲು, ಉಳಿಸಲು, ಬಂಡವಾಳ ಹಾಕಲು ಆ ಜನರಿಗೆ ಯಾರೂ ಕಲಿಸಬೇಕಿರಲಿಲ್ಲ. ಇವತ್ತಿಗೂ ಅಭಿವೃದ್ಧಿ ಸಭೆಗಳಲ್ಲಿ "ರೈತರಿಗೆ ಉದ್ಯಮದ ತರಬೇತಿ" ಅನ್ನುವ ಸಾಲು ಬಂದಾಗ ನಾನು ಅಕ್ವಾಪಿಮ್ ಹೆಸರು ಎತ್ತುತ್ತೇನೆ. ಎತ್ತುತ್ತಲೇ ಇರುತ್ತೇನೆ.

ಅಷ್ಟು ಹೊತ್ತಿಗೆ ಪಂಕ್ತಿ ಎದ್ದಾಗಿತ್ತು. ಆ ಅಡಿಕೆ ಬೆಳೆಗಾರರು ಕೈ ತೊಳೆದು ಬಂದು ನನ್ನ ಪಕ್ಕ ನಿಂತರು. 1980ರ ಸುಮಾರಿಗೆ ಕೊಕ್ಕೋಗೆ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದದ್ದು, ಎಷ್ಟೋ ಜನ ಗಿಡ ಕಡಿದದ್ದು, ಕೊನೆಗೆ ಬೆಳೆಗಾರರದ್ದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕೊಳ್ಳಲು ಇಳಿದದ್ದು, ಎಲ್ಲ ಹೇಳಿದರು. ಅವರ ತಂದೆಯೂ ಅರ್ಧ ಗಿಡ ಕಡಿದಿದ್ದರಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಾವು ಹಸಿ ಬೀಜವನ್ನೇ ಕೊಟ್ಟುಬಿಡುತ್ತೇವೆ. ಘಾನಾದವರು ಎಂತ ಮಾಡ್ತಾರೆ? ಮನೆಯಲ್ಲೇ ಹುಳಿ ಬರಿಸ್ತಾರಾ?"

ಬಾಳೆ ಎಲೆ ಹಾಸಿ, ಬೀಜ ಗುಡ್ಡೆ ಹಾಕಿ, ಮೇಲೂ ಎಲೆ ಮುಚ್ಚುತ್ತಾರೆ, ನಡುನಡುವೆ ಮಗುಚಿ ಆರು ದಿನ ಬಿಡುತ್ತಾರೆ ಅಂದೆ. ಆಮೇಲೆ ನೆಲದಿಂದ ಎತ್ತರಕ್ಕೆ ಕಟ್ಟಿದ ಚಾಪೆಯ ಮೇಲೆ ಒಣಗಿಸುತ್ತಾರೆ.

"ಆರು ದಿನವಾ? ಮಳೆ ಬಂದರೆ?"

ನಾನು ಎರಡು ಕುರ್ಚಿ ಎಳೆದೆ.