ಹಸಿರು ಬಳೆ ಬಾಡಿದ್ದು

ದಾವಣಗೆರೆಯ ಒಬ್ಬ ಮದುವೆ ಫೋಟೋಗ್ರಾಫರ್‌ಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಲೈವ್ ಆದ ದಿನ ಸಂಜೆಯೇ ಫೋನ್ ಬಂತು. "ಸರ್, ಇವು ನನ್ನ ಫೋಟೋನೇ ಅಲ್ಲ. ಬಳೆ ನೋಡಿ, ಬಣ್ಣಾನೇ ಇಲ್ಲ."

ಅವರ ಮೊಬೈಲಿನದೇ ತೊಂದರೆ ಅಂದುಕೊಂಡೆ. ನಮ್ಮ ಕಸುಬಿನಲ್ಲಿ ಮೊದಲ ಅನುಮಾನ ಯಾವಾಗಲೂ ಗಿರಾಕಿಯ ಫೋನಿನ ಮೇಲೆ! ಆಮೇಲೆ ಅವರು ಕೊಟ್ಟ ಫೈಲನ್ನೂ ಸೈಟಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮದುಮಗಳ ಕೈತುಂಬ ಹಸಿರು ಗಾಜಿನ ಬಳೆ. ಅವರ ಫೈಲಿನಲ್ಲಿ ಚಿಗುರೆಲೆ, ನನ್ನ ಸೈಟಿನಲ್ಲಿ ಒಣಗಿದ ಕರಿಬೇವು.

ತಪ್ಪು ನನ್ನದೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದೊಂದು ಫೋಟೋ ಹತ್ತು ಎಂಬಿ ದಾಟುತ್ತದೆ. ಹಾಗೇ ಹಾಕಿದರೆ ಊರಲ್ಲಿ ಕೂತು ಮೊಬೈಲಿನಲ್ಲಿ ನೋಡುವ ಹೆಣ್ಣಿನ ತಂದೆಗೆ ಚಕ್ರ ತಿರುಗುವುದಷ್ಟೇ ಕಾಣುತ್ತದೆ. ಅದಕ್ಕೆ ಉದ್ದದ ಬದಿ 2000 ಪಿಕ್ಸೆಲ್‌ಗೆ ಇಳಿಸಿ, 400 ಕೆಬಿ ಒಳಗೆ ತರುವ ಸ್ಕ್ರಿಪ್ಟ್ ಬರೆದಿದ್ದೆ. ಅದು 'ಬೇಡದ' ಮಾಹಿತಿಯನ್ನೆಲ್ಲ ಕಿತ್ತು ಹಾಕುತ್ತಿತ್ತು. ಅದರ ಜೊತೆ ಕಲರ್ ಪ್ರೊಫೈಲೂ ಹೋಗಿತ್ತು. ಫೋಟೋದ ಬಣ್ಣದ ಅಂಕಿಗಳನ್ನು ಯಾವ ಅಳತೆಯಲ್ಲಿ ಓದಬೇಕು ಅಂತ ಹೇಳುವ ಗುರುತು ಅದು.

ಅವರು ಆಲ್ಬಮ್ ಪ್ರಿಂಟಿಗೆಂದು ಅಡೋಬ್ ಆರ್‌ಜಿಬಿ ಅನ್ನುವ ಬಣ್ಣದ ಅಳತೆಯಲ್ಲಿ ಫೋಟೋ ಇಡುತ್ತಿದ್ದರು. ಅದರಲ್ಲಿ ಹಸಿರಿಗೆ ಜಾಗ ಜಾಸ್ತಿ. ಪ್ರೊಫೈಲ್ ಇಲ್ಲದ ಫೋಟೋ ಸಿಕ್ಕರೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಅಂತಲೇ ಓದುತ್ತದೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮಾಡಿದ ಇನ್ನೊಂದು ಬಣ್ಣದ ಅಳತೆ ಅದು. ಸೇರಿನ ಲೆಕ್ಕದಲ್ಲಿ ಬರೆದ ಚೀಟಿ ನೋಡಿ ಪಾವಿನಲ್ಲಿ ಅಳೆದು ಕೊಟ್ಟ ಹಾಗಾಯಿತು. ಅಂಕಿ ಅದೇ, ಅಕ್ಕಿ ಕಡಿಮೆ.

ಈಗ ಮೊದಲು ಎಸ್‌ಆರ್‌ಜಿಬಿಗೆ ಬದಲಿಸುತ್ತೇನೆ, ಆಮೇಲೆ ಗಾತ್ರ ಇಳಿಸುತ್ತೇನೆ, ಪ್ರೊಫೈಲ್ ಕಿತ್ತು ಹಾಕುವುದಿಲ್ಲ. ಜಿಪಿಎಸ್ ಮಾತ್ರ ಈಗಲೂ ತೆಗೆಯುತ್ತೇನೆ. ಮದುಮಗಳ ಮನೆ ಎಲ್ಲಿದೆ ಅಂತ ಊರಿಗೆಲ್ಲ ಯಾಕೆ ಗೊತ್ತಾಗಬೇಕು, ಅಲ್ವಾ?

ಇನ್ನೊಂದು ಜಗಳ ಫೋಟೋ ಎಷ್ಟು ಅನ್ನುವುದು. ಅವರು ಕೊಟ್ಟದ್ದು 180. ಧಾರೆ ಒಂದೇ 40! ಎರಡು ದಿನ ಕೂತು 28ಕ್ಕೆ ಇಳಿಸಿದೆವು. ಕೆಳಗಿನವು ಸ್ಕ್ರೋಲ್ ಮಾಡಿದಾಗ ಬಂದರೆ ಸಾಕು, ಮೊದಲನೆಯದು ಮಾತ್ರ ಕಾಯಿಸದೆ ಬರಬೇಕು.

ಆ ಮೊದಲನೆಯದಕ್ಕೆ ಅವರು ಬಳೆಯ ಫೋಟೋನೇ ಬೇಕೆಂದರು. ಅದು ನಿಲುವು ಫೋಟೋ. ನನ್ನ ಡಿಸೈನ್ ಇದ್ದದ್ದು ಅಡ್ಡ ಫೋಟೋಗೆ. ಸ್ವಲ್ಪ ವಾದ ಮಾಡಿದೆ. ಫೋನಿನಲ್ಲಿ ತೆರೆದು ನೋಡಿದರೆ ಪರದೆ ತುಂಬ ಬಳೆ. ಸುಮ್ನೆ ಡಿಸೈನ್ ಬದಲಿಸಿದೆ.