ಫೋರ್ ವೀಲ್ ಡ್ರೈವ್ ಕ್ಯಾಂಪ್ ಪಟ್ಟಿ: ದೇಶದ ಕಾಲಂ ಹೋಯ್ತು, ತಿಂಗಳ ಕಾಲಂ ಬಂತು

ಪಟ್ಟಿ ಕೆಲಸ ನಿಂತಿಲ್ಲ, ನಡೀತಾನೇ ಇದೆ. ಹೊಸಬ್ರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ, ಫೋರ್ ವೀಲ್ ಡ್ರೈವ್ ಗಾಡಿ ಇಲ್ದೆ ಮುಟ್ಟೋಕೆ ಕಷ್ಟ ಆಗೋ, ಮುಟ್ಟಿದ ಮೇಲೆ ಅಲ್ಲೇ ಟೆಂಟ್ ಹಾಕಿ ರಾತ್ರಿ ಕಳೆಯೋಕೆ ಅನುಮತಿನೂ ಇರೋ ಜಾಗಗಳನ್ನ ಪ್ರಪಂಚದ ಮ್ಯಾಪ್ ಮೇಲೆ ಗುರುತು ಹಾಕ್ತಾ ಹೋಗೋದು, ಅಷ್ಟೇ ಪ್ರಾಜೆಕ್ಟು. ಎರಡು ಷರತ್ತೂ ಒಟ್ಟಿಗೆ ಕೂಡ್ಬೇಕು. ದಾರಿ ಮಸ್ತಾಗಿದೆ ಆದ್ರೆ ರಾತ್ರಿ ನಿಲ್ಲೋ ಹಾಗಿಲ್ಲ ಅಂದ್ರೆ ಔಟ್, ಕ್ಯಾಂಪ್ ಸೈಟ್ ಸ್ವರ್ಗ ಆದ್ರೆ ಸಣ್ಣ ಹ್ಯಾಚ್‌ಬ್ಯಾಕೂ ಹೋಗತ್ತೆ ಅಂದ್ರೆ ಅದೂ ಔಟ್.

ಇಲ್ಲಿವರೆಗೂ ದೇಶದ ಪ್ರಕಾರ ಜೋಡಿಸಿಟ್ಟಿದ್ದೆ. ಈ ಸಲ ಅದನ್ನ ತೆಗ್ದು ಮೊದಲ ಕಾಲಂಗೆ "ಯಾವಾಗ ತೆರೆದಿರತ್ತೆ" ಅಂತ ಹಾಕಿದೀನಿ, ಯಾಕಂದ್ರೆ ಒಂದೊಂದು ಜಾಗದ ನಿಯಮ ಓದ್ತಾ ಹೋದ ಹಾಗೆ ಅನ್ಸಿದ್ದು ಏನಂದ್ರೆ ಗಾಡಿ ತಾಕತ್ತು ಆಮೇಲಿನ ಮಾತು, ಮೊದಲು ಗೇಟ್ ತೆಗ್ದಿರ್ಬೇಕಲ್ಲ. ಲಿಫ್ಟ್ ಕಿಟ್, ವಿಂಚ್, ಸ್ನಾರ್ಕೆಲ್ ಎಲ್ಲಾ ಹಾಕಿಸ್ಕೊಂಡು ತಪ್ಪು ತಿಂಗಳಲ್ಲಿ ಹೋದ್ರೆ ಬ್ಯಾರಿಯರ್ ಮುಂದೆ ನಿಂತು ಫೋಟೋ ತೆಗೀಬೋದು ಅಷ್ಟೇ.

ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ಈ ಕಾಲಂಗೆ ಒಳ್ಳೆ ಉದಾಹರಣೆ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅಲ್ಲಿನ ಪಾರ್ಕ್‌ಗಳು ಬಂದ್, ಬೇಸಿಗೆ ಬಿಸಿಲಲ್ಲಿ ಗಾಡಿ ಕೆಟ್ರೆ ಜೀವಕ್ಕೇ ಅಪಾಯ ಅಂತ. ಒಂದರ ಪಕ್ಕ ಒಂದು ಸಮಾನಾಂತರವಾಗಿ ಸುಮಾರು 1,100 ಮರಳು ದಿಬ್ಬ ಇದೆ, ಪೂರ್ವದ ತುದಿಲಿ ಬರ್ಡ್ಸ್‌ವಿಲ್ ಊರಿನ ಹತ್ರ ಬಿಗ್ ರೆಡ್ ಅನ್ನೋದು ಸುಮಾರು 40 ಮೀಟರ್ ಎತ್ತರ. ನಂಗೆ ಇಷ್ಟ ಆಗಿದ್ದು ದಿಕ್ಕಿನ ಲೆಕ್ಕಾಚಾರ: ಈ ದಿಬ್ಬಗಳ ಪೂರ್ವದ ಮಗ್ಗುಲು ಕಡಿದು, ಪಶ್ಚಿಮದ್ದು ನಿಧಾನಕ್ಕೆ ಏರತ್ತೆ, ಹಂಗಾಗಿ ಪಶ್ಚಿಮದಿಂದ ಪೂರ್ವಕ್ಕೆ ದಾಟೋದು ಸುಲಭ, ಕಡಿದಾದ ಕಡೆ ಇಳಿಯೋದಷ್ಟೇ ಉಳಿಯತ್ತೆ. ಗಾಡಿ ಮುಂದೆ ಎತ್ತರದ ಕೋಲಿಗೆ ಬಾವುಟ ಕಟ್ಟಲೇಬೇಕು, ದಿಬ್ಬದ ನೆತ್ತಿಲಿ ಎದುರಿಂದ ಬರೋನು ಕಾಣಲ್ಲ ನೋಡಿ. ಮಧ್ಯದಲ್ಲಿ 500 ಕಿ.ಮೀ.ಗೂ ಮೇಲೆ ಡೀಸೆಲ್ ಸಿಗಲ್ಲ, ಮೆತ್ತನೆ ಮರಳಲ್ಲಿ ಗಾಡಿ ಕುಡಿಯೋದೂ ಜಾಸ್ತಿ, ಅದಕ್ಕೆ ಟಾರ್ ರೋಡಿನ ಮೈಲೇಜ್ ಇಟ್ಕೊಂಡು ಲೆಕ್ಕ ಹಾಕೋ ಹಾಗಿಲ್ಲ. ರಾತ್ರಿ ಎರಡು ದಿಬ್ಬದ ನಡುವಿನ ಬಯಲಲ್ಲಿ ಟೆಂಟು. ಪಟ್ಟಿಲಿ ನನ್ನ ಮೊದಲ ನಂಬರ್ ಇದೇ, ಬೇರೆಯವ್ರು ಏನಾದ್ರೂ ಅನ್ನಲಿ.

ಅದೇ ದೇಶದ ಕ್‌ಗರಿ ದ್ವೀಪಕ್ಕೆ (ಫ್ರೇಸರ್ ಐಲ್ಯಾಂಡ್ ಅಂತ ಇತ್ತಲ್ಲ, 2023ರಲ್ಲಿ ಹಳೆ ಹೆಸರನ್ನೇ ವಾಪಸ್ ಕೊಟ್ರು) ತಿಂಗಳ ಕಾಲಂ ಸಾಕಾಗ್ಲಿಲ್ಲ, ಗಂಟೆ ಕಾಲಂ ಬೇಕಾಯ್ತು. ಪ್ರಪಂಚದಲ್ಲೇ ಅತಿ ದೊಡ್ಡ ಮರಳು ದ್ವೀಪ, 120 ಕಿ.ಮೀ.ಗಿಂತ ಉದ್ದ, ಪೂರ್ವದ ಬೀಚೇ ಹೈವೇ. ತಮಾಷೆ ಅಲ್ಲ, ಸ್ಪೀಡ್ ಲಿಮಿಟ್ 80, ಸಣ್ಣ ವಿಮಾನಗಳೂ ಅದೇ ಮರಳ ಮೇಲೆ ಇಳೀತವೆ. ಸಮುದ್ರದ ಉಬ್ಬರದ ಹಿಂದೆ ಎರಡು ಗಂಟೆ ಮುಂದೆ ಎರಡು ಗಂಟೆ ಗಾಡಿ ಓಡಿಸ್ಬೇಡಿ ಅಂತಾರೆ, ಆಗ ಗಟ್ಟಿ ಮರಳು ನೀರಡಿ ಹೋಗಿ ಮೇಲಿನ ಮೆತ್ತನೆ ಮರಳು ಮಾತ್ರ ಉಳಿಯತ್ತೆ, ಹೂತ್ಕೊಂಡ್ರೆ ಮುಂದಿನ ಅಲೆ ಕಾಯಲ್ಲ. ಮಕ್ಕಳ ಜೊತೆ ಹೋಗೋರು ಬೇಲಿ ಇರೋ ಕ್ಯಾಂಪ್ ಸೈಟೇ ಬುಕ್ ಮಾಡ್ಬೇಕು, ಡಿಂಗೋ ಅನ್ನೋ ಕಾಡುನಾಯಿಗಳಿವೆ.

ಐಸ್‌ಲ್ಯಾಂಡ್ ಸೇರಿಸೋದು ಬೇಡ್ವಾ ಅಂತ ತುಂಬ ದಿನ ತಲೆ ಕೆರ್ಕೊಂಡಿದ್ದೆ, ಈಗ ಸೇರಿಸಿದೀನಿ. ನಡುನಾಡಿನ ಎಫ್ ನಂಬರಿನ ರಸ್ತೆಗಳಿಗೆ ಫೋರ್ ಬೈ ಫೋರ್ ಕಡ್ಡಾಯ, ಹಿಮ ಕರಗಿದ ಮೇಲೇ ತೆಗೀತಾರೆ, ಸಾಮಾನ್ಯವಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಶುರುವರೆಗೆ, ಆ ವರ್ಷದ ಹಿಮ ನೋಡ್ಕೊಂಡು ಹೆಚ್ಚು ಕಡಿಮೆ. ಲಾಂಡ್‌ಮನ್ನಲೌಗರ್‌ನಲ್ಲಿ ಕ್ಯಾಂಪ್ ಪಕ್ಕದಲ್ಲೇ ಬಿಸಿನೀರ ಬುಗ್ಗೆ. ಆಸ್ಕ್ಯಾ ಜ್ವಾಲಾಮುಖಿ ಕಡೆ ಹೋದ್ರೆ 1965 ಮತ್ತು 67ರಲ್ಲಿ ಅಪೋಲೋ ಗಗನಯಾತ್ರಿಗಳು ಚಂದ್ರನಿಗಾಗಿ ತರಬೇತಿ ಪಡೆದ ನೆಲ. ಹಾದಿ ಬಿಟ್ಟು ಪಾಚಿ ಮೇಲೆ ಗಾಡಿ ಹತ್ತಿಸಿದ್ರೆ ದಂಡ, ಅದು ಸರಿನೇ, ಆ ಗುರುತು ಮಾಯೋಕೆ ದಶಕಗಳೇ ಬೇಕು.

ಅಲ್ಲಿನ ಹೊಳೆ ವಿಷಯನೂ ಗಂಟೆ ಕಾಲಂಗೇ ಬರತ್ತೆ. ಗ್ಲೇಶಿಯರ್ ಕರಗಿ ಬರೋ ನೀರು, ಬಿಸಿಲು ಏರಿದ ಹಾಗೆ ಹೊಳೆನೂ ಏರತ್ತೆ, ಹಾಗಾಗಿ ಬೆಳಿಗ್ಗೆ ಬೇಗ ದಾಟ್ಬೇಕು. ನೀರು ಸುಮ್ಮನೆ ನಿಂತ ಹಾಗೆ ಕಾಣೋ ಕಡೆ ಆಳ ಇರತ್ತೆ, ಅಗಲವಾಗಿ ಹರಡಿ ಸಣ್ಣ ಅಲೆ ಏಳೋ ಕಡೆ ಆಳ ಕಮ್ಮಿ. ಲೋ ರೇಂಜಲ್ಲಿ (ವೇಗ ಕಮ್ಮಿ, ಎಳೆಯೋ ಶಕ್ತಿ ಜಾಸ್ತಿ ಇರೋ ಗೇರ್), ಒಂದೇ ವೇಗದಲ್ಲಿ, ಹರಿವಿನ ಜೊತೆ ಸ್ವಲ್ಪ ಓರೆಯಾಗಿ. ಮೊದಲು ಕಾಲಿಟ್ಟು ಆಳ ನೋಡಿ ಅಂತ ಐಸ್‌ಲ್ಯಾಂಡಲ್ಲಿ ಹೇಳೋ ಬುದ್ಧಿಮಾತನ್ನ ಮಾತ್ರ ದಯವಿಟ್ಟು ಪಶ್ಚಿಮ ಆಸ್ಟ್ರೇಲಿಯಾದ ಗಿಬ್ ರಿವರ್ ರೋಡ್‌ಗೆ ತಗೊಂಡು ಹೋಗ್ಬೇಡಿ, ಅಲ್ಲಿ ಪೆಂಟೆಕಾಸ್ಟ್ ನದಿಲಿ ಉಪ್ಪುನೀರಿನ ಮೊಸಳೆ ಇದೆ! ಮೊದಲು ಹೋದ ಗಾಡಿ ಹೆಂಗೆ ದಾಟ್ತು ಅಂತ ದೂರದಿಂದ ನೋಡಿ ಕಲಿಯೋದೇ ದಾರಿ. ಆ ರೋಡು ಸುಮಾರು 660 ಕಿ.ಮೀ., ಮಳೆಗಾಲದಲ್ಲಿ ಬಂದ್, ಮೇಯಿಂದ ಅಕ್ಟೋಬರ್ ಒಳಗೆ ಮುಗಿಸ್ಬೇಕು. ಚೂಪು ಕಲ್ಲಿನ ದಾರಿ, ಎರಡು ಸ್ಟೆಪ್ನಿ ಇಟ್ಕೊಳಿ.

ಅಮೆರಿಕದ ಯೂಟಾದ ಕ್ಯಾನಿಯನ್‌ಲ್ಯಾಂಡ್ಸಲ್ಲಿ ವೈಟ್ ರಿಮ್ ರೋಡ್ ಅಂತ ಸುಮಾರು 160 ಕಿ.ಮೀ. ಸುತ್ತು ಇದೆ, 1950ರ ದಶಕದಲ್ಲಿ ಯುರೇನಿಯಂ ಹುಡುಕೋಕೆ ಮಾಡಿದ್ದು. ಯುರೇನಿಯಂ ಹೇಳ್ಕೊಳ್ಳೋ ಅಷ್ಟು ಸಿಗ್ಲಿಲ್ಲ, ದಾರಿ ಉಳೀತು. ಇಲ್ಲಿ ಕಾಲಮಾನಕ್ಕಿಂತ ಪರ್ಮಿಟ್ಟೇ ಗೇಟು, ವಸಂತ ಮತ್ತು ಶರತ್ಕಾಲದ ದಿನಗಳಿಗೆ ಕ್ಯಾಂಪ್ ಸೈಟ್ ಸಿಗೋದೇ ಪೈಪೋಟಿ. ಒಂದು ಸೈಟಿಗೆ ಮೂರು ಗಾಡಿ ಮಿತಿ, ಲೋ ರೇಂಜ್ ಇರೋ ಗಾಡಿನೇ ಬೇಕು, ಕುಡಿಯೋ ನೀರು ಎಲ್ಲೂ ಇಲ್ಲ, ಕಟ್ಟಿಗೆ ಬೆಂಕಿ ಹಾಕೋ ಹಾಗಿಲ್ಲ, ನಾಯಿ ಕರ್ಕೊಂಡು ಹೋಗೋ ಹಾಗಿಲ್ಲ. ಕೆಲವ್ರು ಒಂದೇ ದಿನದಲ್ಲಿ ಸುತ್ತಿ ಮುಗಿಸ್ತಾರಂತೆ, ಯಾಕೋ ಗೊತ್ತಿಲ್ಲ.

ತಿಂಗಳ ಕಾಲಂನ ಪೂರ್ತಿ ಕೆಡಿಸಿದ್ದು ಬೋಟ್ಸ್ವಾನಾದ ಸೆಂಟ್ರಲ್ ಕಲಹರಿ. ಸುಮಾರು 52,800 ಚದರ ಕಿ.ಮೀ. ವನ್ಯಧಾಮ, ಕ್ಯಾಂಪ್ ಸೈಟ್ ಅಂದ್ರೆ ಬೇಲಿ ಇಲ್ಲದ ಒಂದು ಜಾಗ ಅಷ್ಟೇ, ಸಿಂಹ ಬಂದ್ರೂ ಬಂತು. ಡಿಸೆಪ್ಷನ್ ವ್ಯಾಲಿ ಕಡೆ ಪ್ರಾಣಿಗಳು ಚೆನ್ನಾಗಿ ಸೇರೋದು ಮಳೆ ಬಿದ್ದು ಹುಲ್ಲು ಚಿಗುರಿದಾಗ, ದಾರಿ ಕೆಸರಾಗೋದೂ ಆಗಲೇ! ಆಮೇಲೆ ಮಳೆ ನಿಂತು ಹುಲ್ಲು ಎತ್ತರಕ್ಕೆ ಬೆಳೆದು ಒಣಗಿದಾಗ ಬೀಜ ರೇಡಿಯೇಟರ್‌ಗೆ ತುಂಬ್ಕೊಂಡು ಇಂಜಿನ್ ಬಿಸಿ ಆಗತ್ತೆ, ಗಾಡಿ ಅಡಿ ಸೈಲೆನ್ಸರ್ ಹತ್ರ ಒಣಹುಲ್ಲು ಸಿಕ್ಕಿ ಬೆಂಕಿ ಹತ್ತೋದೂ ಉಂಟು, ಮಧ್ಯ ಮಧ್ಯ ನಿಲ್ಲಿಸಿ ಬಗ್ಗಿ ನೋಡ್ಲೇಬೇಕು. ಹಾಗಾಗಿ ಇದಕ್ಕೆ "ತೆರೆದಿರತ್ತೆ" ಪಕ್ಕ "ಒಳ್ಳೇದು" ಅಂತ ಇನ್ನೊಂದು ಕಾಲಂ ಹಾಕ್ಬೇಕಾಯ್ತು, ಈಗ ಎಲ್ಲಾ ಜಾಗಕ್ಕೂ ಅದನ್ನ ತುಂಬ್ತಿದೀನಿ. ಅದೇ ದೇಶದ ಮಕ್ಗಡಿಕ್ಗಡಿಯ ಉಪ್ಪಿನ ಬಯಲಲ್ಲಿರೋ ಕೂಬೂ ಐಲ್ಯಾಂಡ್, ಗ್ರಾನೈಟ್ ಬಂಡೆ ಮೇಲೆ ಬಾವೊಬಾಬ್ ಮರಗಳು, ಅದಕ್ಕೆ ಉತ್ತರ ಸುಲಭ: ಒಣ ಕಾಲದಲ್ಲಿ ಮಾತ್ರ, ಇರೋ ಹಾದಿ ಮೇಲೆ ಮಾತ್ರ. ಬಯಲು ಮೇಲೆ ಗಟ್ಟಿ ಕಂಡ್ರೂ ತೆಳು ಪದರದ ಕೆಳಗೆ ಕೆಸರಿರತ್ತೆ.

ಈ ಸಲ ಪಟ್ಟಿಯಿಂದ ಹೊರಗೆ ಹಾಕಿದ್ದು ಅಮೆರಿಕದ ಡೆತ್ ವ್ಯಾಲಿಯ ರೇಸ್‌ಟ್ರ್ಯಾಕ್ ಪ್ಲಾಯಾ (ಪ್ಲಾಯಾ ಅಂದ್ರೆ ಒಣಗಿದ ಕೆರೆಯ ಚಪ್ಪಟೆ ತಳ). ತಾನಾಗೇ ಸರಿದಾಡೋ ಕಲ್ಲುಗಳ ಜಾಗ, ತೆಳು ಮಂಜುಗಡ್ಡೆ ಹಾಳೆ ಮತ್ತು ಸಣ್ಣ ಗಾಳಿ ಸೇರಿ ತಳ್ತವೆ ಅಂತ 2014ರಲ್ಲಿ ಗೊತ್ತಾಯ್ತಲ್ಲ, ಅದೇ. ಪ್ಲಾಯಾ ಮೇಲೆ ಕ್ಯಾಂಪ್ ಮಾಡೋ ಹಾಗಿಲ್ಲ, ಹಾಗಾಗಿ ನನ್ನ ಎರಡನೇ ಷರತ್ತಿಗೆ ಬಿತ್ತು.

ನಮೀಬಿಯಾದ ವ್ಯಾನ್ ಝಿಲ್ಸ್ ಪಾಸ್ (ಬೆಟ್ಟ ದಾಟೋ ಕಡಿದಾದ ದಾರಿ) ಪಟ್ಟಿಲಿ ಅರ್ಧಕ್ಕೆ ನಿಂತಿದೆ. ಪೂರ್ವದಿಂದ ಪಶ್ಚಿಮಕ್ಕೆ ಇಳಿಯೋದು ಮಾತ್ರ ಅನ್ನೋ ರೂಢಿ, ಅಂದ್ರೆ ಮರಿಯೆನ್‌ಫ್ಲುಸ್ ಕಣಿವೆಗೆ ಇಳಿದ ಮೇಲೆ ವಾಪಸ್ ಬೇರೆ ದಾರಿ ಹಿಡೀಬೇಕು, ಅದರ ಇಂಧನ ಲೆಕ್ಕ ಮುಗಿದ ಮೇಲೆ ಮ್ಯಾಪಿಗೆ ಏರಿಸ್ತೀನಿ. ಜಾರ್ಜಿಯಾ ದೇಶದ ತುಶೆಟಿ ಅನ್ನೋ ಬೆಟ್ಟಗಾಡೂ ಸಾಲಲ್ಲಿದೆ, ಅಲ್ಲಿಗೆ ಹೋಗೋ ಅಬಾನೋ ಪಾಸ್ 2,800 ಮೀಟರ್ ಮೇಲೆ, ಚಳಿಗಾಲದಲ್ಲಿ ಹಿಮ ಬಿದ್ದು ಬಂದ್. ಆಮೇಲೆ ಟೈರ್ ಗಾಳಿದು ಒಂದು ಕಾಲಂ: ಮೆತ್ತನೆ ಮರಳಿಗೆ 18ರಿಂದ 20 ಪಿಎಸ್ಐ ಅಂತ ಸದ್ಯಕ್ಕೆ ಹಾಕಿದೀನಿ, ಗಾಡಿ ತೂಕ ನೋಡಿ ಬದಲಾಗತ್ತೆ, ಗಟ್ಟಿ ರಸ್ತೆಗೆ ವಾಪಸ್ ಬಂದ ತಕ್ಷಣ ತುಂಬಿಸ್ಕೊಳ್ಳೋಕೆ ಕಂಪ್ರೆಸರ್ ಬೇಕೇ ಬೇಕು. ಕಲ್ಲಿನ ದಾರಿಗೆ ಎಷ್ಟು ಅನ್ನೋದು ಇನ್ನೂ ಖಾಲಿ, ಓಡಿಸಿ ಬಂದವ್ರು ಯಾವ ಗಾಡಿ, ಎಷ್ಟು ಲೋಡು ಅನ್ನೋದನ್ನೂ ಸೇರಿಸಿ ಹೇಳಿದ್ರೆ ತುಂಬ್ತೀನಿ.