ಕುದಿಸಿದರೆ ಹೋಗದ್ದು

'ಕುದಿಸಿ ಆರಿಸಿ ಕುಡಿ' ಅನ್ನೋ ಅಜ್ಜಿ ಮಾತು ಪಿಎಫ್‌ಎಎಸ್ (ಸುಲಭಕ್ಕೆ ಒಡೆಯದ ಕೃತಕ ರಾಸಾಯನಿಕಗಳ ಗುಂಪು) ಮುಂದೆ ನಡೆಯಲ್ಲ. ಅದರೊಳಗಿನ ಕಾರ್ಬನ್-ಫ್ಲೋರಿನ್ ಬಂಧ ಅಷ್ಟು ಗಟ್ಟಿ. ನೀರು ಆವಿಯಾಗುತ್ತೆ, ಪಿಎಫ್‌ಎಎಸ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತೆ.

ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಡುಪಾಂಟ್ ರಾಸಾಯನಿಕ ಕಾರ್ಖಾನೆಯಿಂದ ಪಿಎಫ್‌ಒಎ (ಪಿಎಫ್‌ಎಎಸ್‌ಗಳಲ್ಲಿ ಒಂದು) ಕುಡಿಯುವ ನೀರಿಗೆ ಸೇರಿತ್ತು. ಸುಮಾರು 69,000 ಜನ ಅಧ್ಯಯನಕ್ಕೆ ಬಂದರು. 2012ರಲ್ಲಿ ವಿಜ್ಞಾನಿಗಳ ಸಮಿತಿ ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್ ಜೊತೆ 'ಸಂಭವನೀಯ ನಂಟು' ಇದೆ ಅಂದಿತು. 2023ರಲ್ಲಿ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಪಿಎಫ್‌ಒಎಯನ್ನು ಗುಂಪು 1ಕ್ಕೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಪಟ್ಟಿಗೆ, ಸೇರಿಸಿತು. ಅದೇ ಕುಟುಂಬದ ಪಿಎಫ್‌ಒಎಸ್ ಮಾತ್ರ 2ಬಿ, ಅಂದರೆ ಕ್ಯಾನ್ಸರ್ ತರಬಹುದಾದದ್ದು. ಗುಂಪು 1 ಹೇಳೋದು ಪುರಾವೆ ಎಷ್ಟು ಬಲ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ (ಸಂಸ್ಕರಿಸಿದ ಮಾಂಸವೂ ಅಲ್ಲೇ ಇದೆ). ಟಿವಿಯವರು ಪ್ರತಿಸಲ ಎಡವೋದು ಇಲ್ಲೇ.

ರಕ್ತದಲ್ಲಿ ಪಿಎಫ್‌ಒಎ ಅರ್ಧಕ್ಕಿಳಿಯಲು ಎರಡು-ಮೂರು ವರ್ಷ ಬೇಕು. ಇವತ್ತಿನ ರಕ್ತ ಅಂದರೆ ಹಿಂದೆ ಕುಡಿದ ಹಳೇ ಬಾವಿ ನೀರಿನ ದಿನಚರಿ!

ಆರ್‌ಒ ಫಿಲ್ಟರ್ ಪಿಎಫ್‌ಎಎಸ್ ಅನ್ನು ಚೆನ್ನಾಗಿ ತಡೆಯುತ್ತೆ, ಆದರೆ ಹೊರಬಿಡುವ ನೀರಲ್ಲಿ ಅದೇ ಸಾಂದ್ರವಾಗಿರುತ್ತೆ. ಆ ನೀರನ್ನು ತರಕಾರಿ ಗಿಡಕ್ಕೆ ಹಾಕಬೇಡಿ. ಆಕ್ಟಿವೇಟೆಡ್ ಕಾರ್ಬನ್ ಕೂಡ ಹಿಡಿಯುತ್ತೆ. ಆದರೆ ಕಾರ್ಟ್ರಿಜ್ ತುಂಬಿದ ಮೇಲೆ ಹಿಡಿದದ್ದನ್ನೇ ವಾಪಸ್ ಬಿಡಬಹುದು, ರುಚಿ ವಾಸನೆಯಲ್ಲಿ ಗೊತ್ತಾಗಲ್ಲ. ಬದಲಿಸುವ ತಾರೀಖನ್ನು ಫಿಲ್ಟರ್ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ.